ವೇಗದ ಛಾಯಾಗ್ರಹಣ: ಕಾರಹುಣ್ಣಿಮೆಯ ಎತ್ತು, ಕಂಬಳದ ಕೋಣ

ಜ್ಯೇಷ್ಠ ಶುದ್ಧ ಪೂರ್ಣಿಮೆಯು ಕೃಷ್ಣೆ ತುಂಗಭದ್ರೆಗಳ ನಡುವಣ ನಾಡಿನಲ್ಲಿ ಎತ್ತುಗಳ ಹಬ್ಬ. ರಾಯಚೂರು ಜಿಲ್ಲೆಯ ಅರಕೇರಾ, ದೇವದುರ್ಗ, ಮಾನ್ವಿ ಸೀಮೆಗಳಲ್ಲಿಯೂ ಉತ್ತರ ಕರ್ನಾಟಕದ ಇತರ ಎಡೆಗಳಲ್ಲಿಯೂ ರೈತರು ಇದನ್ನು ಕಾರಹುಣ್ಣಿವೆಯೆಂದು ಕರೆಯುತ್ತಾರೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣವನ್ನೂ ಕೊರಳಿಗೆ ಗೆಜ್ಜೆಯನ್ನೂ ಏರಿಸಿ, ಇಳಿಹೊತ್ತಿನಲ್ಲಿ ಅವುಗಳನ್ನು ಓಡಿಸುವ ರೂಢಿ ಉತ್ತರದ ಅನೇಕ ಹಳ್ಳಿಗಳಲ್ಲಿ ಉಂಟು. ಅಗಸಿಯ ಬಳಿ ಅಡ್ಡಲಾಗಿ ಹಗ್ಗವೊಂದನ್ನು ಕಟ್ಟಿ ಅದಕ್ಕೆ ಬೇವಿನ ಸೊಪ್ಪು ಮೊದಲಾದುವನ್ನು ಸಿಕ್ಕಿಸಿರುತ್ತಾರೆ, ಇದೇ 'ಕರಿ'. ಓಡಿಬಂದ ಎತ್ತುಗಳಲ್ಲಿ ಯಾವುದು ಮೊದಲು ಇದನ್ನು ಹಾಯುವುದೋ ಅದು ಕರಿ ಹರಿದ ಎತ್ತು. ಕೆಂದೆತ್ತು ಹರಿದರೆ ಮುಂಗಾರಿಯ ಬೆಳೆಯೂ ಬಿಳಿಯೆತ್ತು ಹರಿದರೆ ಹಿಂಗಾರಿಯ ಬೆಳೆಯೂ ಚೆನ್ನಾಗಿ ಬರುವುದೆಂಬ ನಂಬಿಕೆಯಿರುವುದರಿಂದ, ಯಾವ ಬಣ್ಣದ ಎತ್ತು ಮುಂದಾಯಿತೆಂಬುದು ಬರಿಯ ಆಟದ ಮಾತಲ್ಲ, ವರ್ಷದ ಮಾತು.

ಈ ಆಚರಣೆಯನ್ನು ದಾಖಲಿಸಬೇಕೆಂದು ಜಾನಪದದ ಅಭ್ಯಾಸಿಗಳೂ ಕಾಲೇಜಿನ ವಿದ್ಯಾರ್ಥಿಗಳೂ ಚಿತ್ರ ತೆಗೆಯುವುದು ಈಗ ಸಾಮಾನ್ಯವಾಗಿದೆ. ಆದರೆ ಹೀಗೆ ಸಂಗ್ರಹವಾಗುವ ಚಿತ್ರಗಳಲ್ಲಿ ಬಹುಭಾಗವು ಧೂಳನ್ನೂ ಜನರ ಬೆನ್ನನ್ನೂ ತೋರಿಸುತ್ತದೆ. ಎತ್ತು ಕಂಡರೂ ಮಸಕಾಗಿ ಕಾಣುತ್ತದೆ. ಸ್ಫುಟವಾಗಿ ಕಂಡರೂ ಹಗ್ಗವನ್ನು ಹಾಯ್ದಾದ ಮೇಲಿನ ಎತ್ತು ಕಾಣುತ್ತದೆ. ದೋಷವನ್ನು ಯಂತ್ರದ ಮೇಲೆ ಹೊರಿಸುವುದು ರೂಢಿ. ಹೆಚ್ಚು ಬೆಲೆಯ ಕ್ಯಾಮರಾ ಇದ್ದಿದ್ದರೆ ಚಿತ್ರ ಬರುತ್ತಿತ್ತೆಂಬ ಈ ಸಮಾಧಾನವು ಪೂರ್ಣ ಸುಳ್ಳಲ್ಲ, ಆದರೆ ಬಹುಮಟ್ಟಿಗೆ ಸುಳ್ಳು. ವೇಗದ ಚಿತ್ರವು ಮೊದಲನೆಯದಾಗಿ ನಿಲ್ಲುವ ಸ್ಥಳದಿಂದ, ಎರಡನೆಯದಾಗಿ ಆಟದ ಮುನ್ನರಿವಿನಿಂದ, ಕೊನೆಯಲ್ಲಿ ಮಾತ್ರ ಯಂತ್ರದಿಂದ ಸಿದ್ಧಿಸತಕ್ಕದ್ದು.

ಓಡುವ ಪ್ರಾಣಿಯನ್ನು ಕಣ್ಣು ಸರಿಯಾಗಿ ಕಾಣಲಾರದೆಂಬುದು ಹಳೆಯ ಅನುಭವ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಮುಂಗಾಲೆರಡನ್ನೂ ಒಟ್ಟಿಗೆ ಎತ್ತಿ, ಹಿಂಗಾಲೆರಡನ್ನೂ ನೆಲಕ್ಕೂರಿ ಚಿಮ್ಮುವ ಕುದುರೆಯನ್ನು ಕಾಣದವರಿಲ್ಲ. ಅದು ಓಟದ ಸಂಕೇತವೇ ಹೊರತು ಓಟದ ರೂಪವಲ್ಲ. ಶಿಲ್ಪಿಗೆ ಬೇಕಾಗಿದ್ದುದೂ ಸಂಕೇತವೇ. ಯೂರೋಪಿನ ಚಿತ್ರಕಾರರದು ಬೇರೊಂದು ಸಂಕೇತ. ಜೆರಿಕೊ ಎಂಬ ಫ್ರೆಂಚ್ ಚಿತ್ರಕಾರನು ೧೮೨೧ರಲ್ಲಿ ಬರೆದ ಎಪ್ಸಮ್ ಪಂದ್ಯದ ಚಿತ್ರದಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತವೆ. ೧೮೭೮ರ ಜೂನ್ ತಿಂಗಳಲ್ಲಿ, ಕ್ಯಾಲಿಫೋರ್ನಿಯದ ಪಾಲೋ ಆಲ್ಟೊದಲ್ಲಿ, ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಧನಿಕನ ಆಶ್ರಯದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಓಟದ ದಾರಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿಟ್ಟು, ದಾರಿಗೆ ಅಡ್ಡಲಾಗಿ ಎಳೆಗಳನ್ನು ಕಟ್ಟಿ, ಕುದುರೆಯು ತಾನೇ ಒಂದೊಂದು ಎಳೆಯನ್ನು ತಾಕಿ ಒಂದೊಂದು ಕ್ಯಾಮರಾವನ್ನು ತೆರೆಯುವಂತೆ ಏರ್ಪಡಿಸಿದನು. ನಾಲ್ಕು ಗೊರಸುಗಳೂ ನೆಲವನ್ನು ಬಿಡುವ ಗಳಿಗೆಯೊಂದು ನಿಜವಾಗಿಯೂ ಉಂಟೆಂದು ಅದರಿಂದ ತಿಳಿಯಿತು. ಆದರೆ ಆ ಗಳಿಗೆಯಲ್ಲಿ ಕಾಲುಗಳು ಚಾಚಿರದೆ ಹೊಟ್ಟೆಯ ಕೆಳಗೆ ಮಡಚಿಕೊಂಡಿದ್ದವು. ಚಿತ್ರಕಾರರ ಶತಮಾನಗಳ ಅಭ್ಯಾಸವು ತಪ್ಪೆಂದು ತೋರಿಸಿದ ಈ ಪ್ರಯೋಗದಲ್ಲಿ ಗಮನಿಸಬೇಕಾದ ಮಾತೆಂದರೆ, ಮೈಬ್ರಿಜ್ ಕುದುರೆಯನ್ನು ಹಿಂಬಾಲಿಸಲಿಲ್ಲ. ಕುದುರೆ ಬರುವ ಕಡೆ ತಾನು ಮೊದಲೇ ಕಾದಿದ್ದನು. ಅವನ ಎಳೆಯು ಓಟವನ್ನು ಚಿತ್ರಕ್ಕೆ ಕಟ್ಟಿದ ಹಗ್ಗ. ಕಾರಹುಣ್ಣಿಮೆಯ ಕರಿಯೂ ಅಂತಹದೊಂದು ಹಗ್ಗವೇ ಆಗಿರುವುದು ಅಭ್ಯಾಸಿಗೆ ದೊರೆತ ಅನುಕೂಲ.

ಕರಿ ಹರಿಯುವ ಎತ್ತಿನ ವೇಗವನ್ನು ಅಳೆಯುವ ಪದ್ಧತಿಯಿಲ್ಲ. ಅಳತೆಯಿರುವುದು ಕರಾವಳಿಯ ಕಂಬಳದಲ್ಲಿ. ಆದುದರಿಂದ ಲೆಕ್ಕದ ಮಟ್ಟಿಗೆ ಬಯಲುಸೀಮೆಯಿಂದ ತುಳುನಾಡಿಗೆ ಹೋಗುವುದು ಅವಶ್ಯ. ೨೦೨೦ರ ಫೆಬ್ರವರಿ ೧ರಂದು ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ತಮ್ಮ ಕೋಣಗಳೊಡನೆ ೧೪೨.೫ ಮೀಟರ್ ಉದ್ದದ ಕರೆಯನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರು. ಇದನ್ನು ನೂರು ಮೀಟರಿಗೆ ಇಳಿಸಿ ೯.೫೫ ಸೆಕೆಂಡೆಂದು ಗಣಿಸಿ, ೨೦೦೯ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಓಡಿದ ೯.೫೮ ಸೆಕೆಂಡಿನೊಡನೆ ಹೋಲಿಸಿ ಪತ್ರಿಕೆಗಳು ಕೆಲವು ದಿನ ಬಹಳ ಗದ್ದಲಮಾಡಿದವು. ಕೋಣಗಳ ಎಳೆತವನ್ನು ಮರೆತ ಆ ಹೋಲಿಕೆಗೆ ಅರ್ಥವಿಲ್ಲ. ಛಾಯಾಗ್ರಾಹಕನಿಗೆ ಮಾತ್ರ ಆ ಸಂಖ್ಯೆಯು ಬಹು ಉಪಯುಕ್ತವಾದುದು. ಅದರಂತೆ ಓಟದ ಸರಾಸರಿ ವೇಗ ಸೆಕೆಂಡಿಗೆ ೧೦.೪೬ ಮೀಟರ್, ಗಂಟೆಗೆ ೩೭ ಕಿಲೋಮೀಟರಿಗೂ ಮೇಲು. ಕ್ಯಾಮರಾದ ಬಾಗಿಲಾದ ಶಟರು ಸೆಕೆಂಡಿನ ೧/೬೦ ಭಾಗ ತೆರೆದಿದ್ದರೆ ಅಷ್ಟರಲ್ಲಿ ಕೋಣವು ೧೭ ಸೆಂಟಿಮೀಟರ್ ಮುಂದುವರಿದಿರುತ್ತದೆ. ೧/೨೫೦ ತೆರೆದಿದ್ದರೆ ೪ ಸೆಂಟಿಮೀಟರ್. ೧/೧೦೦೦ ತೆರೆದಿದ್ದರೆ ಒಂದು ಸೆಂಟಿಮೀಟರ್.

ಒಂದು ಸೆಂಟಿಮೀಟರ್ ಅಲ್ಪವೆಂದು ತೋರಬಹುದು. ಆದರೆ ಮಸಕು ನಿಶ್ಚಯವಾಗುವುದು ನೆಲದ ಮೇಲಿನ ಚಲನೆಯಿಂದಲ್ಲ, ಬಿಂಬದ ಚಲನೆಯಿಂದ. ಓಟಕ್ಕೆ ಪಕ್ಕದಲ್ಲಿ, ೩೦ ಮೀಟರ್ ದೂರದಲ್ಲಿ, ೨೦೦ ಮಿಲಿಮೀಟರ್ ಸಂಗಮದೂರದ ಮಸೂರವನ್ನು ಹಿಡಿದು ನಿಂತವನ ಕ್ಯಾಮರಾದೊಳಗೆ ಬಿಂಬವು ವಸ್ತುವಿನ ೧/೧೫೦ ಅಳತೆಯಲ್ಲಿ ಮೂಡುತ್ತದೆ. ಹಾಗಾದರೆ ಕೋಣದ ಬಿಂಬವು ಸೆಕೆಂಡಿಗೆ ಸುಮಾರು ೭೦ ಮಿಲಿಮೀಟರ್ ಸರಿಯುತ್ತದೆ. ೩೬ ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ೦.೦೩ ಮಿಲಿಮೀಟರಿನವರೆಗಿನ ಸರಿತವನ್ನು ಸ್ಫುಟವೆಂದು ಒಪ್ಪುವುದು ವಾಡಿಕೆ. ಈ ಮಿತಿಯೊಳಗಿರಬೇಕಾದರೆ ಶಟರು ಸೆಕೆಂಡಿನ ೧/೨೩೦೦ಕ್ಕಿಂತ ಹೆಚ್ಚು ಕಾಲ ತೆರೆದಿರಬಾರದು. ವೇಗದ ಆಟಕ್ಕೆ ೧/೧೦೦೦ ಸಾಕೆಂಬ ಪ್ರಚಲಿತ ಸೂತ್ರವು ಇಲ್ಲಿ ಎರಡು ಪಟ್ಟಿಗೂ ಮೀರಿ ತಪ್ಪುತ್ತದೆ.

ಇದೇ ಕೋಣವು ಎದುರಿನಿಂದ ಬರುವಾಗ ಲೆಕ್ಕವೆಲ್ಲ ಬದಲಾಗುತ್ತದೆ. ೩೦ ಮೀಟರ್ ದೂರದಲ್ಲಿ, ೩೦೦ ಮಿಲಿಮೀಟರಿನ ಮಸೂರದ ಮುಂದೆ, ನೇರವಾಗಿ ಬರುತ್ತಿರುವ ಜೋಡಿಯ ಬಿಂಬವು ಪಕ್ಕಕ್ಕೆ ಸರಿಯುವುದಿಲ್ಲ. ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತದೆ, ಅಷ್ಟೆ. ಮಧ್ಯದಿಂದ ಒಂದು ಮೀಟರ್ ಹೊರಗಿರುವ ಅಂಚು ಕೂಡ ಸೆಕೆಂಡಿಗೆ ೩.೫ ಮಿಲಿಮೀಟರ್ ಮಾತ್ರ ಹಿಗ್ಗುತ್ತದೆ. ಇಂತಹ ಬಿಂಬವನ್ನು ೧/೨೫೦ ಸೆಕೆಂಡಿನಲ್ಲಿಯೂ ನಿಲ್ಲಿಸಬಹುದು. ಕಾಲುಗಳ ಮಾತು ಬೇರೆ: ನೆಲಕ್ಕೆ ಊರಿದ ಗೊರಸು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ, ಮುಂದಕ್ಕೆ ಬೀಸಿದ ಗೊರಸು ಮೈಗಿಂತ ಬಹು ಹೆಚ್ಚು ವೇಗದಲ್ಲಿರುತ್ತದೆ. ಪಕ್ಕಕ್ಕೂ ಎದುರಿಗೂ ನಡುವೆ ಓರೆಯಾಗಿ, ಓಟದ ದಾರಿಗೆ ೩೦ ಡಿಗ್ರಿ ಕೋನದಲ್ಲಿ ನಿಂತರೆ ಸರಿತವು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಹೆಜ್ಜೆ ಬದಿಗೆ ಸರಿದು ನಿಲ್ಲುವುದರಿಂದ ದೊರೆಯುವ ಈ ಲಾಭವನ್ನು ಎಷ್ಟೋ ಮಂದಿ ಹಣಕೊಟ್ಟು ಕೊಳ್ಳುತ್ತಿದ್ದಾರೆ.

ಬೆಳಕಿನ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಪೂರ್ಣ ಬಿಸಿಲಿನಲ್ಲಿ, ಗ್ರಾಹಕತೆ ೧೦೦ ಇರುವಾಗ, ಎಫ್/೧೬ ಬೆಳಕಿಂಡಿಗೆ ೧/೧೦೦ ಸೆಕೆಂಡು ಸರಿಹೋಗುತ್ತದೆಂಬುದು ಹಳೆಯ ಸೂತ್ರ. ಬೆಳಕಿಂಡಿಯನ್ನು ಎಫ್/೨.೮ಕ್ಕೆ ಅಗಲಿಸಿದರೆ ೧/೩೨೦೦ ಸೆಕೆಂಡು ದೊರೆಯುತ್ತದೆ. ಎಂದರೆ ಮೇಲಿನ ಲೆಕ್ಕಕ್ಕೆ ಸಾಕಾದಷ್ಟು. ಆದರೆ ಕಾರಹುಣ್ಣಿಮೆಯ ಓಟ ನಡೆಯುವುದು ಇಳಿಹೊತ್ತಿನಲ್ಲಿ, ಅನೇಕ ವೇಳೆ ಮುಂಗಾರಿನ ಮೋಡದ ಕೆಳಗೆ. ಬೆಳಕು ಬಿಸಿಲಿನ ಮೂವತ್ತೆರಡನೆಯ ಒಂದಂಶಕ್ಕೆ ಇಳಿದಿದ್ದರೆ ಅದೇ ವೇಗಕ್ಕೆ ಗ್ರಾಹಕತೆಯನ್ನು ೩೨೦೦ಕ್ಕೆ ಏರಿಸಬೇಕು, ಮಸೂರವು ಎಫ್/೫.೬ಕ್ಕಿಂತ ಅಗಲವಾಗಿ ತೆರೆಯದ ಸಾಮಾನ್ಯದ್ದಾದರೆ ೧೨೮೦೦ಕ್ಕೆ. ಈಗಿನ ಸಂವೇದಕಗಳು ಇದನ್ನು ಸಹಿಸುತ್ತವೆ, ಚಿತ್ರದಲ್ಲಿ ಸ್ವಲ್ಪ ಕಾಳು ಬಿದ್ದಂತೆ ತೋರುತ್ತದೆ. ಕಾಳು ಬಿದ್ದ ಸ್ಫುಟ ಚಿತ್ರವು ನುಣುಪಾದ ಮಸಕು ಚಿತ್ರಕ್ಕಿಂತ ದಾಖಲೆಯಾಗಿ ಸಾವಿರ ಪಾಲು ಮೇಲು. ಓಡುವ ಎತ್ತಿನ ಕಣ್ಣಿಗೆ ಮಿಂಚುಬೆಳಕನ್ನು ಹಾಯಿಸುವುದು ಎಂದಿಗೂ ಸಲ್ಲದು. ಬೆದರಿದ ಪ್ರಾಣಿಯು ನುಗ್ಗುವುದು ಜನರ ಮೇಲೆ.

ಫಿಲ್ಮಿನ ಕಾಲದವರಿಗೆ ಈ ಗ್ರಾಹಕತೆಯ ಸೌಕರ್ಯವಿರಲಿಲ್ಲ. ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರ, ಪ್ರತಿಯೊಂದಕ್ಕೂ ಖರ್ಚು. ವನ್ಯಜೀವಿ ಛಾಯಾಗ್ರಹಣದಲ್ಲಿ ಪ್ರಸಿದ್ಧರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರೂ, ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರ ತೆಗೆದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರೂ ಇಂತಹ ಮಿತಿಯೊಳಗೆ ಕೆಲಸಮಾಡಿದವರು. ಅವರ ಸಾಧನೆಯನ್ನು ತಾಳ್ಮೆಯೆಂಬ ಒಂದು ಮಾತಿನಲ್ಲಿ ಹೊಗಳಿ ಮುಗಿಸುವುದುಂಟು. ಆದರೆ ಎಲ್ಲಿ ಕಾಯಬೇಕೆಂಬ ತಿಳಿವಿಲ್ಲದ ತಾಳ್ಮೆಯಿಂದ ಒಂದು ಗುಬ್ಬಿಯ ಚಿತ್ರವೂ ದೊರೆಯಲಾರದು.

ಈ ತಿಳಿವು ಏತಕ್ಕೆ ಬೇಕೆಂಬುದನ್ನೂ ಲೆಕ್ಕದಿಂದಲೇ ತೋರಿಸಬಹುದು. ಎದುರಿನಿಂದ ತೆಗೆದಾಗ ಸರಿತದ ಮಸಕು ತಪ್ಪುತ್ತದೆ, ಆದರೆ ದೂರದ ಮಸಕು ಬಂದು ಸೇರುತ್ತದೆ. ೩೦೦ ಮಿಲಿಮೀಟರಿನ ಮಸೂರವನ್ನು ಎಫ್/೨.೮ಕ್ಕೆ ತೆರೆದು ೩೦ ಮೀಟರಿಗೆ ಸಂಧಾನಮಾಡಿದರೆ ಸ್ಫುಟವಾಗಿ ಕಾಣುವ ಪ್ರದೇಶದ ಆಳ ಸುಮಾರು ೧.೭ ಮೀಟರ್ ಮಾತ್ರ. ಕಂಬಳದ ಕೋಣವು ಆ ಪ್ರದೇಶವನ್ನು ಸೆಕೆಂಡಿನ ಆರನೆಯ ಒಂದಂಶದಲ್ಲಿ ದಾಟುತ್ತದೆ. ಕಣ್ಣು ಕಂಡುದನ್ನು ಮನಸ್ಸು ಗ್ರಹಿಸಿ ಬೆರಳು ಒತ್ತುವುದಕ್ಕೆ ಮನುಷ್ಯನಿಗೆ ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದಂಶ ಹಿಡಿಯುತ್ತದೆ. ಹೀಗಿರುವುದರಿಂದ 'ಇದೇ ಆ ಕ್ಷಣ' ಎಂದು ಕಂಡ ಮೇಲೆ ಬೆರಳೊತ್ತಿದವನಿಗೆ ಆ ಕ್ಷಣವು ದೊರೆಯುವುದು ಅಸಾಧ್ಯ. ಅಷ್ಟರಲ್ಲಿ ಕೋಣ ಎರಡು ಮೀಟರ್ ಮುಂದಕ್ಕೆ ಬಂದಿರುತ್ತದೆ. ಹಾರುವ ಹಕ್ಕಿಗೆ ಗುರಿಯಿಡುವ ಬೇಡನು ಹಕ್ಕಿ ಇರುವೆಡೆಗೆ ಬಾಣವನ್ನು ಬಿಡುವನೆ?

ಸೆಕೆಂಡಿಗೆ ಇಪ್ಪತ್ತು ಚಿತ್ರಗಳನ್ನು ತೆಗೆಯುವ ಯಂತ್ರಗಳು ಈ ಕಷ್ಟವನ್ನು ನೀಗಿಸಿವೆಯೆಂದು ಕೆಲವರು ಭಾವಿಸುತ್ತಾರೆ. ಇಪ್ಪತ್ತು ಚಿತ್ರಗಳ ನಡುವೆ ಇಪ್ಪತ್ತು ತೆರಪುಗಳೂ ಉಂಟು. ಒಂದೊಂದು ತೆರಪಿನಲ್ಲಿ ಕೋಣವು ಅರ್ಧ ಮೀಟರಿಗೂ ಮೀರಿ ಓಡಿರುತ್ತದೆ. ಬೇಕಾದ ಗಳಿಗೆ ಆ ತೆರಪಿನಲ್ಲಿ ಬಿದ್ದುಹೋಗಬಹುದು. ಆಧುನಿಕ ಕ್ಯಾಮರಾ ಪ್ರಾಣಿಯ ಕಣ್ಣನ್ನು ತಾನೇ ಗುರುತಿಸಿ ಅದರ ದೂರವನ್ನು ಹಿಂಬಾಲಿಸುವುದೂ ಉಂಟು. ಅದು ದೊಡ್ಡ ಉಪಕಾರವೇ. ಆದರೂ ಎದ್ದ ಧೂಳಿನಲ್ಲಿ, ಚಿಮ್ಮಿದ ನೀರಿನಲ್ಲಿ, ಅಡ್ಡ ಬಂದ ಪೇಟದ ಮುಂದೆ ಆ ಹಿಂಬಾಲನೆ ದಾರಿ ತಪ್ಪುತ್ತದೆ. ಆಗ ಹಳೆಯ ಉಪಾಯವೇ ಗತಿ: ಎತ್ತು ದಾಟಲೇಬೇಕಾದ ಒಂದು ಗುರುತಿಗೆ, ಹಗ್ಗಕ್ಕೋ ಕಲ್ಲಿಗೋ, ಮೊದಲೇ ದೂರವನ್ನು ಸಂಧಾನಮಾಡಿ ಸ್ಥಿರಗೊಳಿಸಿ, ಎತ್ತು ಆ ಗುರುತಿಗೆ ಬರುವುದಕ್ಕೆ ಮುನ್ನವೇ ಬೆರಳೊತ್ತುವುದು.

ಗುರುತು ಯಾವುದೆಂಬುದನ್ನು ಆಟವೇ ಹೇಳಿಕೊಡುತ್ತದೆ, ಕೇಳುವವರಿದ್ದರೆ. ಕಂಬಳದ ಕರೆಯಲ್ಲಿ ಓಟ ಹೊರಡುವ ಕಡೆಗೆ ಗಂತು ಎಂದೂ ಮುಗಿಯುವ ಕಡೆಗೆ ಮಂಜೊಟ್ಟಿ ಎಂದೂ ಹೆಸರು. ಮಂಜೊಟ್ಟಿಯ ಬಳಿ ನೆಲವು ಏರುತ್ತದೆ, ಕೋಣಗಳ ವೇಗ ಅಲ್ಲಿ ತಾನಾಗಿ ಕುಗ್ಗುತ್ತದೆ. ಎದುರಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ನೇಗಿಲಿನ ಓಟವೂ ಹಗ್ಗದ ಓಟವೂ ಒಂದೇ ಬಗೆಯವಲ್ಲ; ಅಡ್ಡ ಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆ ನಿಂತಿರುತ್ತಾನೆ; ಕೆನೆ ಹಲಗೆಯಲ್ಲಿ ಹಲಗೆಯ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮಿ, ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಇಲ್ಲವೇ ಎಂಬುದೇ ಪಂದ್ಯ. ಈ ಭೇದಗಳನ್ನರಿಯದೆ ಕರೆಯ ಬದಿಯಲ್ಲಿ ನಿಂತವನು ಕೆನೆ ಹಲಗೆಯ ಓಟದಲ್ಲಿ ಕೋಣಗಳ ಮುಖವನ್ನು ಬಹು ಸ್ಫುಟವಾಗಿ ತೆಗೆದು, ಪಂದ್ಯವೇ ಆಗಿದ್ದ ನೀರಿನ ತುದಿಯನ್ನು ಚೌಕಟ್ಟಿನ ಹೊರಗೆ ಬಿಟ್ಟು ಬರುತ್ತಾನೆ. ಹಳ್ಳಿಯ ಕಬಡ್ಡಿಯಲ್ಲಿಯೂ ಹೀಗೆಯೇ. ದಾಳಿಗೆ ಹೋದವನು ಕೊನೆಗೆ ಮಧ್ಯರೇಖೆಗೆ ಮರಳಲೇಬೇಕು. ಆದುದರಿಂದ ಆ ರೇಖೆಯ ತುದಿಯಲ್ಲಿ ಕುಳಿತವನು, ಅಂಗಳದ ಸುತ್ತ ಓಡಾಡುವವನಿಗಿಂತ ಹೆಚ್ಚು ಚಿತ್ರಗಳನ್ನು ಪಡೆಯುತ್ತಾನೆ. ನೆಗೆದವನ ದೇಹವು ನೆಗೆತದ ತುದಿಯಲ್ಲಿ ಒಂದು ಗಳಿಗೆ ಏರುವುದನ್ನೂ ಇಳಿಯುವುದನ್ನೂ ಬಿಟ್ಟಿರುತ್ತದೆ. ಅದನ್ನು ಮೊದಲೇ ಎಣಿಸಿದವನಿಗೆ ಸಾಧಾರಣ ಕ್ಯಾಮರಾವೂ ಸಾಕು.

ಇಷ್ಟು ಹೇಳಿದ ಮೇಲೆ, ಎಲ್ಲ ಚಲನೆಯನ್ನೂ ನಿಲ್ಲಿಸಿದ ಚಿತ್ರವೇ ಉತ್ತಮವೇ ಎಂಬ ಪ್ರಶ್ನೆ ಬರುತ್ತದೆ. ಕಂಬಳದಲ್ಲಿ ೧/೨೫೦೦ ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಕೆಸರುನೀರಿನ ಒಂದೊಂದು ಹನಿಯೂ ಗಾಜಿನ ಮಣಿಯಂತೆ ನಿಂತಿರುತ್ತದೆ. ನೋಡುವುದಕ್ಕೆ ಬಹು ರಮ್ಯ. ಅಲ್ಲಿ ನೀರಿದ್ದುದರಿಂದ ಓಟವಿತ್ತೆಂದು ತಿಳಿಯುತ್ತದೆ. ನೀರಿಲ್ಲದ ಅಗಸಿಯ ದಾರಿಯಲ್ಲಿ ಅದೇ ವೇಗಕ್ಕೆ ತೆಗೆದ ಎತ್ತು ಸುಮ್ಮನೆ ಕಾಲೆತ್ತಿ ನಿಂತಂತೆ ಕಾಣುವುದುಂಟು. ಇದಕ್ಕೆ ಬದಲಾಗಿ, ಪಕ್ಕದಲ್ಲಿ ನಿಂತು ಕ್ಯಾಮರಾವನ್ನೇ ಓಟದ ಜೊತೆಗೆ ತಿರುಗಿಸುತ್ತ ೧/೬೦ ಸೆಕೆಂಡಿಗೆ ತೆಗೆಯುವ ಕ್ರಮವೊಂದಿದೆ. ೩೦ ಮೀಟರ್ ದೂರದಿಂದ ಕಂಬಳದ ಕೋಣವನ್ನು ಹೀಗೆ ಹಿಂಬಾಲಿಸುವುದಕ್ಕೆ ಕ್ಯಾಮರಾವನ್ನು ಸೆಕೆಂಡಿಗೆ ಸುಮಾರು ೨೦ ಡಿಗ್ರಿಯಂತೆ ತಿರುಗಿಸಬೇಕು; ಸೊಂಟದಿಂದ ಮೇಲೆ ಇಡೀ ದೇಹ ತಿರುಗಬೇಕಲ್ಲದೆ ಕೈಯಷ್ಟೇ ಅಲ್ಲ; ಬೆರಳೊತ್ತಿದ ಮೇಲೂ ತಿರುಗುವಿಕೆ ನಿಲ್ಲಬಾರದು. ಆಗ ಕೋಣದ ತಲೆ ಬೆನ್ನುಗಳು ಸ್ಫುಟವಾಗಿರುತ್ತವೆ, ಹಿಂದಿನ ಜನಸಮೂಹವು ಗೆರೆಗೆರೆಯಾಗಿ ಹರಿಯುತ್ತದೆ, ಊರಿದ ಗೊರಸು ಕರಗಿದಂತಾಗುತ್ತದೆ. ಹತ್ತಕ್ಕೆ ಒಂದು ಸಿದ್ಧಿಸಿದರೂ ತೃಪ್ತಿಪಡಬೇಕಾದ ಅಭ್ಯಾಸವಿದು. ದಿನವೂ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳ ಮೇಲೆ ಕೈಪಳಗಿಸಿಕೊಳ್ಳದೆ ಹಬ್ಬದ ದಿನ ಇದನ್ನು ಮೊದಲ ಬಾರಿಗೆ ಪ್ರಯತ್ನಿಸುವುದು ಅವಿವೇಕ.

ರಾಯಚೂರು ನಗರದಲ್ಲಿ ಕಾರಹುಣ್ಣಿಮೆಯ ಕಾಲಕ್ಕೆ ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲನ್ನು ಎಳೆಯಿಸುವ ಸ್ಪರ್ಧೆಯುಂಟು. ಒಂದೂವರೆ, ಎರಡು, ಎರಡೂವರೆ ಟನ್ನಿನ ಕಲ್ಲುಗಳನ್ನು ನಿಗದಿಯಾದ ಸಮಯದಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯುವುದೋ ಅದು ಗೆದ್ದಿತು. ಇಲ್ಲಿ ವೇಗವು ಅಲ್ಪ, ಬಲವು ಅಪಾರ. ಮೇಲೆ ಹೇಳಿದ ಲೆಕ್ಕಗಳೊಂದೂ ಇಲ್ಲಿ ಅಡ್ಡಿಬಾರವು. ಆದರೂ ಚಿತ್ರಗಳು ನಿರ್ಜೀವವಾಗುವುದುಂಟು. ಏತಕ್ಕೆಂದರೆ ಇದರ ತಿರುಳಾದ ಗಳಿಗೆಯು ಕಲ್ಲು ಕದಲುವುದಕ್ಕೆ ಮುಂಚಿನದು: ಕೊರಳು ತಗ್ಗಿ, ಹಿಂಗಾಲು ನೆಲಕ್ಕೆ ಒತ್ತಿ, ಹಗ್ಗವು ಬಿಗಿದು, ಇನ್ನೂ ಏನೂ ಚಲಿಸದಿರುವ ಗಳಿಗೆ. ಕಲ್ಲು ಹೊರಟ ಮೇಲೆ ಕಾಣುವುದು ನಡೆಯುವ ಎತ್ತು ಮಾತ್ರ.

ಇನ್ನು ಪ್ರಮಾಣದ ವಿಚಾರ. ಅಭ್ಯಾಸಿಗಳು ಹೆಚ್ಚು ಎಚ್ಚರವಾಗಿರಬೇಕಾದುದು ಇಲ್ಲಿ. ಛಾಯಾಚಿತ್ರವು ಕಂಡುದನ್ನು ಕಂಡಂತೆ ಹೇಳುತ್ತದೆಂಬ ನಂಬಿಕೆ ಬಲವಾಗಿದೆ. ೧೯೧೨ರ ಸುಮಾರಿಗೆ ಫ್ರಾನ್ಸಿನಲ್ಲಿ ಲಾರ್ತೀಗ್ ಎಂಬ ತರುಣನು ಕಾರಿನ ಪಂದ್ಯವೊಂದರಲ್ಲಿ ತೆಗೆದ ಚಿತ್ರವು ಈ ನಂಬಿಕೆಗೆ ಉತ್ತರ ಕೊಡುತ್ತದೆ. ಅದರಲ್ಲಿ ಕಾರಿನ ಚಕ್ರವು ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ. ಬದಿಯ ಜನರೂ ಕಂಬಗಳೂ ಹಿಂದಕ್ಕೆ ವಾಲಿದ್ದಾರೆ. ಹಾಗೆ ಯಾರೂ ವಾಲಿರಲಿಲ್ಲ. ಆ ಕ್ಯಾಮರಾದ ಶಟರು ಇಡೀ ಚಿತ್ರವನ್ನು ಒಮ್ಮೆಗೆ ತೆರೆಯದೆ ಒಂದು ಸೀಳನ್ನು ಅಂಚಿನಿಂದ ಅಂಚಿಗೆ ಸರಿಸುತ್ತಿತ್ತು. ಆದುದರಿಂದ ಚಕ್ರದ ಕೆಳಭಾಗವೂ ಮೇಲ್ಭಾಗವೂ ಬೇರೆಬೇರೆ ಗಳಿಗೆಗಳಲ್ಲಿ ಮೂಡಿದುವು. ನೂರು ವರ್ಷಗಳ ಹಿಂದಿನ ಈ ದೋಷವು ಇಂದಿನ ಮೊಬೈಲುಗಳಲ್ಲಿ ಬೇರೆ ವೇಷದಲ್ಲಿ ಉಳಿದಿದೆ. ಅವುಗಳ ಸಂವೇದಕವು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಎಲ್ಲ ಸಾಲುಗಳನ್ನೂ ಒಮ್ಮೆಗೇ ಹಿಡಿಯುವ ಪೂರ್ಣ ಚೌಕಟ್ಟಿನ ಕ್ಯಾಮರಾವನ್ನು ಸೋನಿ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿತು. ಹಳ್ಳಿಯ ಹಬ್ಬಕ್ಕೆ ಹೋಗುವವರ ಕೈಯಲ್ಲಿ ಅದನ್ನು ನಿರೀಕ್ಷಿಸುವುದು ಬೇಡ.

ಸಾಲುಗಳ ಓದಿನಿಂದ ಆಗುವ ಕೇಡನ್ನು ಕರಿಯ ಪ್ರಸಂಗದಲ್ಲಿಯೇ ನೋಡಬಹುದು. ಎರಡು ಎತ್ತುಗಳು ಅಕ್ಕಪಕ್ಕವಾಗಿ ಹಗ್ಗದ ಕಡೆಗೆ ಬರುತ್ತಿವೆ, ಒಂದು ಕೆಂದು, ಒಂದು ಬಿಳಿದು. ಒಬ್ಬನು ಎದುರಿನಲ್ಲಿ ನಿಂತು ಮೊಬೈಲನ್ನು ನೆಟ್ಟಗೆ ಹಿಡಿದು ಚಿತ್ರ ತೆಗೆಯುತ್ತಾನೆ. ನೆಟ್ಟಗೆ ಹಿಡಿದಾಗ ಸಂವೇದಕದ ಸಾಲುಗಳು ಮೇಲಿನಿಂದ ಕೆಳಕ್ಕೆ ನಿಲ್ಲುತ್ತವೆ. ಓದು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನಡೆಯುತ್ತದೆ. ಇಡೀ ಓದಿಗೆ ಸೆಕೆಂಡಿನ ೧/೫೦ ಹಿಡಿಯುವುದೆಂದೂ, ಎತ್ತುಗಳ ನಡುವಣ ಅಂತರ ಚಿತ್ರದ ಅರ್ಧದಷ್ಟೆಂದೂ, ಅವುಗಳ ವೇಗ ಸೆಕೆಂಡಿಗೆ ೮ ಮೀಟರ್ ಎಂದೂ ಇಟ್ಟುಕೊಂಡರೆ, ಒಂದು ಎತ್ತು ಇನ್ನೊಂದಕ್ಕಿಂತ ಸೆಕೆಂಡಿನ ೧/೧೦೦ ಭಾಗ ತಡವಾಗಿ ಚಿತ್ರಿತವಾಗಿರುತ್ತದೆ. ಅಷ್ಟರಲ್ಲಿ ಅದು ೮ ಸೆಂಟಿಮೀಟರ್ ಮುಂದಕ್ಕೆ ಬಂದಿರುತ್ತದೆ. ಸಮನಾಗಿ ಬಂದ ಎತ್ತುಗಳಲ್ಲಿ ಒಂದಕ್ಕೆ ಯಂತ್ರವು ನಾಲ್ಕು ಬೆರಳು ಅಗಲದ ಮುನ್ನಡೆಯನ್ನು ದಾನಮಾಡಿದಂತಾಯಿತು. ಮೊಬೈಲನ್ನು ಅಡ್ಡಲಾಗಿ ಹಿಡಿದಿದ್ದರೆ ಎರಡು ಮೂತಿಗಳೂ ಒಂದೇ ಸಾಲಿನಲ್ಲಿ, ಒಂದೇ ಗಳಿಗೆಯಲ್ಲಿ ಮೂಡುತ್ತಿದ್ದವು.

ಇದಕ್ಕಿಂತ ದೊಡ್ಡ ತಪ್ಪು ಸ್ಥಳದ್ದು. ಎದುರಿನಿಂದಾಗಲಿ ಓರೆಯಿಂದಾಗಲಿ ತೆಗೆದ ಚಿತ್ರದಲ್ಲಿ ಕ್ಯಾಮರಾಕ್ಕೆ ಹತ್ತಿರವಿರುವ ಎತ್ತು ದೊಡ್ಡದಾಗಿಯೂ ಮುಂದಾಗಿಯೂ ತೋರುತ್ತದೆ. ಯಾವುದು ಮೊದಲೆಂಬುದಕ್ಕೆ ಉತ್ತರ ಕೊಡಬಲ್ಲ ಸ್ಥಳ ಒಂದೇ. ಅದು ಹಗ್ಗದ ತುದಿ, ಹಗ್ಗದ ನೇರಕ್ಕೆ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟದ ನಿರ್ಣಯಕ್ಕೆ ಬಳಸಿದ ಕ್ಯಾಮರಾವನ್ನು ಗೆಲುವಿನ ಗೆರೆಯ ನೇರಕ್ಕೇ ಇಟ್ಟು, ಆ ಗೆರೆಯನ್ನು ಮಾತ್ರ ಒಂದು ಸೀಳಿನ ಮೂಲಕ ಅದು ಎಡೆಬಿಡದೆ ನೋಡುವಂತೆ ಮಾಡಿದ್ದರು. ಕಂಬಳದಲ್ಲಿಯೂ ಈಚೆಗೆ ಲೇಸರ್ ಕಿರಣಗಳಿಂದ ಓಟದ ಮುಕ್ತಾಯವನ್ನು ಗುರುತಿಸುವ ಏರ್ಪಾಡು ಬಂದಿದೆ. ಹಳ್ಳಿಯ ಅಭ್ಯಾಸಿಗೆ ಇವುಗಳ ಬದಲು ಮೊಬೈಲಿನ ನಿಧಾನ ಚಲನಚಿತ್ರವೇ ಸಾಕು. ಸೆಕೆಂಡಿಗೆ ೨೪೦ ಚಿತ್ರಗಳಂತೆ ತೆಗೆದರೆ ಒಂದು ಚಿತ್ರದಿಂದ ಮುಂದಿನದಕ್ಕೆ ಎತ್ತು ಮೂರೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯುವುದಿಲ್ಲ. ಸಾಮಾನ್ಯವಾದ ಮೂವತ್ತು ಚಿತ್ರಗಳ ಕ್ರಮದಲ್ಲಿ ಈ ಅಂತರ ೨೭ ಸೆಂಟಿಮೀಟರ್. ಅಷ್ಟರಲ್ಲಿ ಸೋಲುಗೆಲುವು ಅಡಗಿಹೋಗಬಹುದು.

ಪ್ರಮಾಣದ ಪ್ರಶ್ನೆ ಹಬ್ಬದ ಚರ್ಚೆಯನ್ನೂ ದಾಟಿ ನ್ಯಾಯಾಲಯದವರೆಗೆ ಹೋದುದುಂಟು. ೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿದಾಗ, ಪ್ರಾಣಿಹಿಂಸೆಯ ವರದಿಗಳೊಡನೆ ಛಾಯಾಚಿತ್ರಗಳೂ ಅದರ ಮುಂದಿದ್ದವು. ಕಂಬಳಕ್ಕೂ ಅದರ ಬಿಸಿ ತಟ್ಟಿತು. ೨೦೧೭ರಲ್ಲಿ ಕರ್ನಾಟಕವು ಶಾಸನಕ್ಕೆ ತಿದ್ದುಪಡಿ ತಂದಿತು. ೨೦೨೩ರ ಮೇ ೧೮ರಂದು ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ವಾದದ ಗುಣದೋಷಗಳು ಇಲ್ಲಿಗೆ ಸೇರಿದವಲ್ಲ. ಆದರೆ ೧/೨೦೦೦ ಸೆಕೆಂಡಿಗೆ ತೆಗೆದ ಒಂದೇ ಚಿತ್ರದಲ್ಲಿ ಓಡಿಸುವವನ ಬೆತ್ತವು ಕೋಣದ ಬೆನ್ನಿನ ಮೇಲ್ಗಡೆ ನಿಂತಿದ್ದರೆ, ಅದು ಹೊಡೆಯಲು ಇಳಿಯುತ್ತಿದೆಯೋ, ಹೊಡೆದು ಮೇಲೇಳುತ್ತಿದೆಯೋ, ಅಥವಾ ಗಾಳಿಯಲ್ಲಿ ಬೀಸುತ್ತಿದೆಯೋ ಎಂದು ಆ ಚಿತ್ರದಿಂದ ಹೇಳಲಾಗದು. ೧/೬೦ ಸೆಕೆಂಡಿನ ಮಸಕು ಚಿತ್ರವು ಬೆತ್ತ ಹಾದುಹೋದ ದಾರಿಯನ್ನಾದರೂ ತೋರಿಸುತ್ತದೆ. ಹಿಂದು ಮುಂದಿನ ಚಿತ್ರಗಳ ಸಾಲು ಅದು ಎಲ್ಲಿಗೆ ತಾಗಿತೆಂಬುದನ್ನೂ ತೋರಿಸುತ್ತದೆ. ಕ್ರೀಡೆಯನ್ನು ಹೊಗಳುವವರೂ ಹಳಿಯುವವರೂ ಸಾಲಿನಿಂದ ತಮಗೆ ಬೇಕಾದ ಒಂದನ್ನು ಕಿತ್ತು ಮುಂದಿಡುತ್ತಾರೆ. ಅಭ್ಯಾಸಿಯು ಸಾಲನ್ನು ಮುರಿಯದೆ, ಕೆಟ್ಟ ಚಿತ್ರಗಳನ್ನೂ ಅಳಿಸದೆ ಇಡತಕ್ಕದ್ದು.

ಸಂಗ್ರಹಕ್ಕೆ ಸೇರಿಸುವ ಪ್ರತಿಯೊಂದು ಚಿತ್ರದೊಡನೆ ಊರು, ದಿನ, ಹೊತ್ತು, ಶಟರಿನ ಕಾಲ, ಮಸೂರದ ಸಂಗಮದೂರ, ನಿಂತ ಸ್ಥಳ, ಮೊಬೈಲಾದರೆ ನೆಟ್ಟಗೋ ಅಡ್ಡಲಾಗಿಯೋ ಹಿಡಿದುದು, ಇಷ್ಟನ್ನು ಬರೆದಿಟ್ಟರೆ ಮುಂದಿನವರು ಚಿತ್ರವನ್ನು ಎಷ್ಟುಮಟ್ಟಿಗೆ ನಂಬಬೇಕೆಂಬುದನ್ನು ತಾವೇ ಗಣಿಸಿಕೊಳ್ಳಬಹುದು. ಯಂತ್ರವು ಇವುಗಳಲ್ಲಿ ಕೆಲವನ್ನು ತಾನಾಗಿ ಬರೆದಿಡುತ್ತದೆ. ನಿಂತ ಸ್ಥಳವು ಹಗ್ಗದ ನೇರಕ್ಕಿತ್ತೇ ಎಂಬುದನ್ನು ಬರೆಯದು. ಅದಕ್ಕೊಂದು ಸುಲಭವಾದ ಉಪಾಯವುಂಟು. ಎತ್ತುಗಳು ಬರುವುದಕ್ಕೆ ಮುಂಚೆ, ಕರಿಯನ್ನು ಕಟ್ಟಿದ ಎರಡು ಕಂಬಗಳನ್ನೂ ಸೇರಿಸಿ ಬರಿದಾದ ದಾರಿಯ ಚಿತ್ರವೊಂದನ್ನು ಅದೇ ಸ್ಥಳದಿಂದ ತೆಗೆದಿಡುವುದು. ಆಚೆಯ ಕಂಬವು ಈಚೆಯದರ ಹಿಂದೆ ಮರೆಯಾಗಿದ್ದರೆ ಕ್ಯಾಮರಾ ಗೆರೆಯಲ್ಲಿತ್ತು. ಪಕ್ಕಕ್ಕೆ ಇಣುಕುತ್ತಿದ್ದರೆ ಎಷ್ಟು ಓರೆಯಾಗಿತ್ತೆಂಬುದನ್ನೂ ಆ ಇಣುಕಿನಿಂದಲೇ ಅಳೆಯಬಹುದು.